ಡಿಸೆಂಬರಿನಲ್ಲಿ ಖಾಲಿಯಾಗುವ ಚಾಲಕನ ಸೀಟು

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಕೊಡಗಿನಿಂದ ಬಂದ ಮೂರು ಪತ್ರಗಳು ಒಂದೇ ವಿಷಯದ ಮೂರು ಬದಿಗಳನ್ನು ಹೇಳುತ್ತಿರುವುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ನಾನು ಹದಿನಾಲ್ಕು ವರ್ಷ ಶಾಲೆಯೊಂದರ ವಾಹನ ವಿಭಾಗವನ್ನು ನೋಡಿಕೊಂಡವನು. ಆ ಅವಧಿಯಲ್ಲಿ ನಾನೇ ಮಾಡಿದ ತಪ್ಪುಗಳೂ ಈ ಉತ್ತರಗಳಲ್ಲಿ ಸೇರಿವೆ.

ಪ್ರಶ್ನೆ: ಗೋಣಿಕೊಪ್ಪ ಸಮೀಪದ ನಮ್ಮ ಶಾಲೆಯಲ್ಲಿ ಏಳು ಬಸ್ಸುಗಳಿವೆ. ಜೂನ್ ತಿಂಗಳಿನಲ್ಲಿ ಏಳೂ ಬಸ್ಸಿಗೆ ಚಾಲಕರು ಸಿಗುತ್ತಾರೆ. ಶೈಕ್ಷಣಿಕ ವರ್ಷ ಮುಗಿಯುವ ಹೊತ್ತಿಗೆ ಅವರಲ್ಲಿ ಮೂರು ನಾಲ್ಕು ಮಂದಿ ಬದಲಾಗಿರುತ್ತಾರೆ. ಕಳೆದ ವರ್ಷ ಸಂಬಳವನ್ನು ಒಂದು ಸಾವಿರ ರೂಪಾಯಿ ಹೆಚ್ಚಿಸಿದೆವು, ಶಿಕ್ಷಕರ ದಿನಾಚರಣೆಯಂದು ಚಾಲಕರಿಗೂ ಶಾಲು ಹೊದಿಸಿ ಸನ್ಮಾನ ಮಾಡಿದೆವು. ಆದರೂ ಡಿಸೆಂಬರಿನಲ್ಲಿ ಇಬ್ಬರು ಹೇಳದೆ ಕೇಳದೆ ಬಿಟ್ಟು ಹೋದರು, ಏಪ್ರಿಲ್ ಬಳಿಕ ಇನ್ನಿಬ್ಬರು ಬರಲಿಲ್ಲ. ಇವರನ್ನು ಉಳಿಸಿಕೊಳ್ಳುವ ದಾರಿ ಯಾವುದು?
ಆಡಳಿತ ಮಂಡಳಿಯ ಕಾರ್ಯದರ್ಶಿ

ಉತ್ತರ: ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾಹಿತಿಯೆಂದರೆ ನೀವು ಸಹಜವಾಗಿ ಬರೆದಿರುವ ಮೂರು ತಿಂಗಳುಗಳ ಹೆಸರು. ಜೂನ್ ಬಂದರೆ ಕೊಡಗಿನಲ್ಲಿ ಮಳೆ ಹಿಡಿಯುತ್ತದೆ, ಪ್ರವಾಸಿಗರು ಕಡಿಮೆಯಾಗುತ್ತಾರೆ, ಟ್ಯಾಕ್ಸಿ ಮತ್ತು ಜೀಪುಗಳಿಗೆ ಬಾಡಿಗೆ ಇರುವುದಿಲ್ಲ, ತೋಟದ ಲೋಡು ಕೂಡ ಇರುವುದಿಲ್ಲ; ಆಗ ಹೆವಿ ಲೈಸೆನ್ಸ್ ಇರುವವರು ಶಾಲೆಯ ಬಾಗಿಲಿಗೆ ತಾವಾಗಿಯೇ ಬರುತ್ತಾರೆ. ಡಿಸೆಂಬರಿನ ಹೊತ್ತಿಗೆ ಅರೇಬಿಕಾ ಕೊಯ್ಲು ನಡೆಯುತ್ತಿರುತ್ತದೆ, ಅದರ ಬೆನ್ನಿಗೇ ರೊಬಸ್ಟಾ ಕೊಯ್ಲು ಮಾರ್ಚ್‌ವರೆಗೂ ಸಾಗುತ್ತದೆ, ಪಿಕಪ್ ಮತ್ತು ಟ್ರ್ಯಾಕ್ಟರ್ ಓಡಿಸುವವರಿಗೆ ಬೇಡಿಕೆ ಏರುತ್ತದೆ, ಅದೇ ವೇಳೆಗೆ ಪ್ರವಾಸಿ ವಾಹನಗಳೂ ತುಂಬಿ ಓಡುತ್ತವೆ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಶಾಲೆಗೆ ರಜೆಯೆಂದು ಸಂಬಳವೂ ನಿಲ್ಲುತ್ತದೆ, ಮಾಂದಲ್‌ಪಟ್ಟಿಯ ಜೀಪುಗಳಿಗೂ ದುಬಾರೆ, ಅಬ್ಬಿ ಜಲಪಾತದ ದಾರಿಯ ಟ್ಯಾಕ್ಸಿಗಳಿಗೂ ಬಿಡುವೇ ಇರುವುದಿಲ್ಲ. ಹೀಗಿರುವಾಗ ನಿಮ್ಮ ಚಾಲಕರು ಕೃತಘ್ನರಾಗಿ ಬಿಟ್ಟು ಹೋದರೆಂದು ಹೇಳಲಾಗದು. ಅವರ ಮಟ್ಟಿಗೆ ನಿಮ್ಮ ಶಾಲೆ ಮಳೆಗಾಲಕ್ಕೆ ಸಿಕ್ಕ ಒಂದು ಸೂರು. ಅದನ್ನು ಹನ್ನೆರಡು ತಿಂಗಳ ಮನೆಯನ್ನಾಗಿ ನೀವು ಇನ್ನೂ ಮಾಡಿಲ್ಲ.

ಆದ್ದರಿಂದ ಮೊದಲ ಕೆಲಸ, ಹತ್ತು ತಿಂಗಳ ಸಂಬಳವನ್ನು ಹನ್ನೆರಡು ತಿಂಗಳದ್ದಾಗಿಸುವುದು. ಕೆಲವು ಶಾಲೆಗಳು ಹತ್ತು ತಿಂಗಳ ಹಣವನ್ನೇ ಹನ್ನೆರಡು ಪಾಲು ಮಾಡಿ ಹಂಚಿ ವರ್ಷವಿಡೀ ಸಂಬಳ ಕೊಡುತ್ತೇವೆಂದು ಹೇಳಿಕೊಳ್ಳುತ್ತವೆ. ಆ ಲೆಕ್ಕ ಎಂಟನೇ ತರಗತಿ ಓದಿದ ಚಾಲಕರಿಗೂ ತಿಳಿಯುತ್ತದೆ. ಎರಡು ತಿಂಗಳ ಹಣ ನಿಜವಾಗಿ ಹೆಚ್ಚಿಗೆ ಸೇರಬೇಕು. ಉದಾಹರಣೆಗೆ ಚಾಲಕರ ಸಂಬಳ 18,000 ರೂಪಾಯಿ, ಬಸ್ಸಿನಲ್ಲಿ ನಲವತ್ತು ಮಕ್ಕಳು ಎಂದಿಟ್ಟುಕೊಳ್ಳಿ. ಎರಡು ತಿಂಗಳ 36,000 ರೂಪಾಯಿಯನ್ನು ನಲವತ್ತು ಮಕ್ಕಳಿಗೆ ಹಂಚಿದರೆ ವರ್ಷಕ್ಕೆ 900 ರೂಪಾಯಿ, ಹತ್ತು ತಿಂಗಳ ಬಸ್ ಶುಲ್ಕದಲ್ಲಿ ಸೇರಿಸಿದರೆ ತಿಂಗಳಿಗೆ 90 ರೂಪಾಯಿ. ಚಾಲಕರು ಪದೇ ಪದೇ ಬದಲಾಗುವುದನ್ನು ತಪ್ಪಿಸಲು ಇಷ್ಟು ಕೊಡುತ್ತೀರಾ ಎಂದು ಪೋಷಕರ ಸಭೆಯಲ್ಲಿ ನೇರವಾಗಿ ಕೇಳಿ. ಒಪ್ಪದವರು ಬೆರಳೆಣಿಕೆಯಷ್ಟೇ ಇರುತ್ತಾರೆಂಬುದು ನನ್ನ ಅನುಭವ. ರಜೆಯಲ್ಲಿ ಅವರಿಗೆ ಕೆಲಸವೇ ಇಲ್ಲವೆಂಬ ಮಾತೂ ಸರಿಯಲ್ಲ. ಎಂಟು ವರ್ಷ ದಾಟಿದ ಬಸ್ಸಿಗೆ ಪ್ರತಿ ವರ್ಷವೂ ಎಫ್‌ಸಿ (ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಮಾಡಿಸಬೇಕು, ಬ್ರೇಕ್ ಲೈನರ್ ಬಿಚ್ಚಿ ನೋಡಿಸಬೇಕು, ಕಿಟಕಿಯ ಸರಳು, ಬೆಂಕಿ ಆರಿಸುವ ಸಿಲಿಂಡರ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗಳನ್ನು ಸರಿಪಡಿಸಬೇಕು, ಚಾಲಕರ ಕಣ್ಣು ಪರೀಕ್ಷೆ ಮಾಡಿಸಬೇಕು. ಇವೆಲ್ಲ ಮುಗಿದ ಮೇಲೆ ಮೂರು ವಾರ ಸಂಬಳ ಸಹಿತ ರಜೆ ಕೊಟ್ಟರೆ ಆ ದಿನಗಳಲ್ಲಿ ಅವರು ಟ್ಯಾಕ್ಸಿ ಓಡಿಸಿದರೂ ಓಡಿಸಲಿ. ಜೂನ್ ಒಂದಕ್ಕೆ ಹಿಂತಿರುಗಿ ಬರುತ್ತಾರೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನಿದ್ದ ಶಾಲೆಯಲ್ಲೂ ಕೆಲಸವಿಲ್ಲದ ತಿಂಗಳಿಗೆ ಸಂಬಳವೇಕೆ ಎಂಬ ವಾದವೇ ಗೆದ್ದಿತ್ತು, ಆ ಕಡತಕ್ಕೆ ನಾನೂ ಸಹಿ ಹಾಕಿದ್ದೆ. ಒಂದು ವರ್ಷ ಒಂಬತ್ತು ಚಾಲಕರಲ್ಲಿ ಐದು ಮಂದಿ ಬೇಸಿಗೆಯ ಬಳಿಕ ಬರಲಿಲ್ಲ. ಜೂನ್ ಎರಡನೆಯ ವಾರದಲ್ಲಿ ಹೊಸ ಚಾಲಕರೊಬ್ಬರು ದಟ್ಟ ಮಂಜಿನಲ್ಲಿ ತಿರುವು ತಪ್ಪಿ, ಮೂವತ್ತು ಮಕ್ಕಳಿದ್ದ ಬಸ್ಸನ್ನು ತೋಟವೊಂದರ ಲೈನ್‌ಮನೆಗಳ (ಕಾರ್ಮಿಕರ ಸಾಲುಮನೆಗಳ) ಅಂಗಳಕ್ಕೆ ಇಳಿಸಿದ್ದರು. ಅಲ್ಲಿ ಬಸ್ ತಿರುಗಿಸಲು ಜಾಗವಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಮೂರನೇ ತರಗತಿಯ ಹುಡುಗನೊಬ್ಬ, ‘ಅಂಕಲ್, ಹಳೇ ಡ್ರೈವರಣ್ಣ ಆ ಅತ್ತಿ ಮರದ ಹತ್ತಿರವೇ ತಿರುಗಿಸುತ್ತಿದ್ದರು’ ಎಂದನಂತೆ. ಐದು ಮಂದಿಯ ಎರಡು ತಿಂಗಳ ಸಂಬಳವನ್ನು ಉಳಿಸಿ ನಾವು ಕಳೆದುಕೊಂಡದ್ದು ಆ ಅತ್ತಿ ಮರದ ತಿಳಿವಳಿಕೆಯನ್ನು.

ಅಂಥ ಚಾಲಕರು ಹೋದರೆ ಅವರ ಜಾಗಕ್ಕೆ ದಾರಿಯಲ್ಲಿ ಸಿಕ್ಕವರನ್ನು ಕೂರಿಸಲೂ ಆಗದು. ಸುಪ್ರೀಂ ಕೋರ್ಟ್ 1997ರಲ್ಲಿ ಶಾಲಾ ಬಸ್ಸುಗಳ ಬಗ್ಗೆ ಕೊಟ್ಟ ನಿರ್ದೇಶನಗಳ ಪ್ರಕಾರ ಶಾಲಾ ಬಸ್ಸಿನ ಚಾಲಕರಿಗೆ ಭಾರಿ ವಾಹನ ಓಡಿಸಿದ ಕನಿಷ್ಠ ಐದು ವರ್ಷದ ಅನುಭವವಿರಬೇಕು, ಸಂಚಾರ ನಿಯಮಗಳನ್ನು ಮತ್ತೆ ಮತ್ತೆ ಮುರಿದು ದಂಡ ತೆತ್ತವರನ್ನು ನೇಮಿಸಬಾರದು. ಇಂಥವರು ಐದು ತಾಲ್ಲೂಕುಗಳ ನಮ್ಮ ಚಿಕ್ಕ ಜಿಲ್ಲೆಯಲ್ಲಿ ಎಷ್ಟು ಮಂದಿ ಸಿಗುತ್ತಾರೆಂದು ನೀವೇ ಎಣಿಸಿ ನೋಡಿ. ಅವರಲ್ಲಿ ಒಳ್ಳೆಯವರನ್ನು ಕೆಎಸ್‌ಆರ್‌ಟಿಸಿಯೂ ಖಾಸಗಿ ಬಸ್ಸುಗಳೂ ಮೊದಲೇ ತೆಗೆದುಕೊಂಡಿರುತ್ತವೆ.

ಎರಡನೆಯ ವಿಷಯ, ದಿನದ ನಡುವೆ ಇರುವ ಟೊಳ್ಳು. ನಿಮ್ಮ ಚಾಲಕರು ಚಕ್ರ ಹಿಡಿಯುವುದು ಬಹುಶಃ ನಾಲ್ಕೂವರೆ ಗಂಟೆ. ಆದರೆ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟವರು ಮತ್ತೆ ಮನೆ ಸೇರುವುದು ಸಂಜೆ ಆರಕ್ಕೆ. ಒಂಬತ್ತರಿಂದ ಮೂರೂವರೆಯವರೆಗೆ ಅವರು ಎಲ್ಲಿರುತ್ತಾರೆಂದು ಒಂದು ದಿನ ಹೋಗಿ ನೋಡಿ. ಸಾಮಾನ್ಯವಾಗಿ ಬಸ್ಸಿನ ಕೊನೆಯ ಸೀಟಿನಲ್ಲಿ ಟವೆಲ್ ಹೊದ್ದು ಮಲಗಿರುತ್ತಾರೆ, ಇಲ್ಲವೇ ಹೂಕುಂಡ ಹೊರಲು, ಬೆಂಚು ಸಾಗಿಸಲು, ಅಂಚೆ ಕಚೇರಿಗೆ ಹೋಗಿಬರಲು ಕರೆಸಿಕೊಂಡಿರುತ್ತೀರಿ. ಈ ಬಿಟ್ಟಿ ಕೆಲಸಗಳನ್ನು ನಿಲ್ಲಿಸಿ; ಕೆಲಸ ಬೇಕೆನ್ನುವವರಿಗೆ ಮಾತ್ರ ಗಂಟೆಯ ಲೆಕ್ಕದಲ್ಲಿ ಹಣ ಕೊಟ್ಟು ಮಾಡಿಸಿ. ಉಳಿದವರಿಗೆ ಒಂದು ಕೋಣೆ, ನಾಲ್ಕು ಮಂಚ, ಒದ್ದೆ ಬಟ್ಟೆ ಒಣಗಿಸುವ ಒಂದು ತಂತಿ, ಶೌಚಾಲಯ, ಶಿಕ್ಷಕರಿಗೆ ಬರುವ ಅದೇ ಕಾಫಿ ಸಿಕ್ಕರೆ ಸಾಕು. ಕೊಡಗಿನ ಜುಲೈನಲ್ಲಿ ಬೆಳಿಗ್ಗೆ ನೆನೆದ ಪ್ಯಾಂಟಿನಲ್ಲೇ ಸಂಜೆವರೆಗೆ ಕುಳಿತವರಿಗೆ ಸನ್ಮಾನದ ಶಾಲಿಗಿಂತ ಆ ತಂತಿ ದೊಡ್ಡದು.

ಇದಕ್ಕೂ ಉತ್ತಮವಾದ ದಾರಿ ಕೆಎಸ್‌ಆರ್‌ಟಿಸಿಯವರು ಹಿಂದಿನಿಂದಲೂ ಮಾಡಿಕೊಂಡು ಬಂದಿರುವ ನೈಟ್ ಹಾಲ್ಟ್. ರೂಟಿನ ಕೊನೆಯ ಊರಿನವರನ್ನೇ ಆ ರೂಟಿಗೆ ಚಾಲಕರನ್ನಾಗಿ ಹುಡುಕಿ, ರಾತ್ರಿ ಬಸ್ಸನ್ನು ಅಲ್ಲಿಯೇ ನಿಲ್ಲಿಸಲು ಬಿಡಿ. ಇಪ್ಪತ್ತನಾಲ್ಕು ಕಿಲೋಮೀಟರಿನ ಒಂದೇ ಟ್ರಿಪ್ಪಿನ ರೂಟಿನಲ್ಲಿ ಬೆಳಿಗ್ಗೆ ಖಾಲಿ ಹೋಗುವುದು, ಸಂಜೆ ಖಾಲಿ ಬರುವುದು ಎರಡೂ ಉಳಿದರೆ ದಿನಕ್ಕೆ ನಲವತ್ತೆಂಟು ಕಿಲೋಮೀಟರ್ ಉಳಿಯಿತು. ಲೀಟರಿಗೆ ಐದು ಕಿಲೋಮೀಟರ್ ಕೊಡುವ ಬಸ್ಸಿಗೆ ಅದು ಒಂಬತ್ತೂವರೆ ಲೀಟರಿಗೂ ಹೆಚ್ಚು ಡೀಸೆಲ್. ಚಾಲಕರಿಗೆ ಒಂದು ಗಂಟೆಯ ನಿದ್ರೆ ಸಿಗುತ್ತದೆ, ಹೆಂಡತಿ ಮಕ್ಕಳ ಜತೆ ಸಂಜೆಯ ಕಾಫಿ ಸಿಗುತ್ತದೆ. ಡೀಸೆಲ್ ಕಳವಿನ ಭಯವಿದ್ದರೆ ಟ್ಯಾಂಕಿಗೆ ಬೀಗ ಹಾಕಿಸಿ, ಬಸ್ ನಿಲ್ಲಿಸುವ ಅಂಗಳದ ಮನೆಯವರಿಗೆ ತಿಂಗಳಿಗೆ ಒಂದಿಷ್ಟು ಬಾಡಿಗೆ ಕೊಡಿ. ಉಳಿದ ಡೀಸೆಲ್ಲಿನ ಹಣದಿಂದಲೇ ನೀವು ಹೆದರುತ್ತಿರುವ ಬೇಸಿಗೆ ಸಂಬಳದ ಹೆಚ್ಚಿನ ಪಾಲು ಹೊರಡುತ್ತದೆ.

ಮಳೆ ರಜೆಯ ಲೆಕ್ಕವನ್ನೂ ಸರಿಮಾಡಿಕೊಳ್ಳಿ. ಜಿಲ್ಲಾಡಳಿತ ರಜೆ ಘೋಷಿಸಿದ ಸುದ್ದಿ ಕೆಲವೊಮ್ಮೆ ಬೆಳಗಿನ ಜಾವ ಬರುತ್ತದೆ, ಅಷ್ಟರಲ್ಲಿ ಕುಟ್ಟದ ಕಡೆಯ ಚಾಲಕರು ಬಸ್ ಹೊರಡಿಸಿರುತ್ತಾರೆ. ಅವರು ಹಿಂದಿರುಗಿದರೆ ಅದು ಕೆಲಸ ಮಾಡಿದ ದಿನವೆಂದು ಪುಸ್ತಕದಲ್ಲಿ ಬರೆಯಬೇಕು. ಮಳೆ ರಜೆಯನ್ನು ಸರಿದೂಗಿಸಲು ನೀವು ಶನಿವಾರ ಮಧ್ಯಾಹ್ನವೂ ತರಗತಿ ನಡೆಸಿದಾಗ ಶಿಕ್ಷಕರ ಗೊಣಗಾಟ ನಿಮ್ಮ ಕಿವಿಗೆ ಬೀಳುತ್ತದೆ, ಚಾಲಕರ ಗೊಣಗಾಟ ಬೀಳುವುದಿಲ್ಲ. ಅವರಲ್ಲಿ ಹಲವರಿಗೆ ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಪ್ರವಾಸಿಗರ ಬಾಡಿಗೆ ಹೊಡೆದು ಸಂಪಾದಿಸುವ ಸಮಯ. ಅದನ್ನು ಕಸಿದುಕೊಂಡ ದಿನ ಬಾಟಾ (ದಿನಭತ್ಯೆ) ಕೊಡಿ.

ಐದು ವರ್ಷ ನಿಲ್ಲುವವರಿಗೆ ಏನು ಸಿಗುತ್ತದೆಂಬುದನ್ನು ಸೇರಿದ ದಿನವೇ ಕಾಗದದಲ್ಲಿ ತೋರಿಸಿ. ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗೆ ಭವಿಷ್ಯನಿಧಿ ಅನ್ವಯಿಸುತ್ತದೆ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿಯಿದ್ದರೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಸಿಗುವ ಹಣ) ಅನ್ವಯಿಸುತ್ತದೆ. ಬೋಧಕೇತರರೆಂಬ ಕಾರಣಕ್ಕೆ ಚಾಲಕರನ್ನು ಹೊರಗಿಡುವಂತಿಲ್ಲ. 18,000 ರೂಪಾಯಿ ಮೂಲ ವೇತನವಿರುವವರಿಗೆ ಐದು ವರ್ಷ ಪೂರೈಸಿದಾಗ ಸಿಗುವ ಗ್ರಾಚ್ಯುಟಿ ಸುಮಾರು 51,900 ರೂಪಾಯಿ. ಈ ಒಂದು ಅಂಕಿಯನ್ನು ನಾಲ್ಕನೆಯ ವರ್ಷದಲ್ಲಿ ಟ್ಯಾಕ್ಸಿಗೆ ಹೋಗಲು ಹೊರಟವರ ಮುಂದೆ ಇಟ್ಟಾಗ ಅವರು ಮತ್ತೆ ಕುಳಿತುಕೊಂಡದ್ದನ್ನು ನಾನು ನೋಡಿದ್ದೇನೆ. ಚಾಲಕರ ಮಕ್ಕಳಿಗೆ ನಿಮ್ಮದೇ ಶಾಲೆಯಲ್ಲಿ ಶುಲ್ಕ ರಿಯಾಯಿತಿ ಕೊಡುವುದು ಇದಕ್ಕಿಂತಲೂ ಗಟ್ಟಿಯಾದ ಬಂಧ. ಆದರೆ ಆ ರಿಯಾಯಿತಿಯ ಮಾತು ತರಗತಿಯಲ್ಲಿ ಯಾರ ಬಾಯಿಂದಲೂ ಬರಬಾರದು.

ಸಾವಿರ ರೂಪಾಯಿ ಹೆಚ್ಚಿಸಿದ್ದು ತಪ್ಪಲ್ಲ. ಶಾಲು ಹೊದಿಸಿದ್ದೂ ತಪ್ಪಲ್ಲ. ಆದರೆ ಆ ಶಾಲನ್ನು ಹೊದ್ದವರು ಮರುದಿನ ಒಂದು ಜತೆ ವೈಪರ್ ಬ್ಲೇಡ್ ಕೇಳಿದಾಗ ‘ಮುಂದಿನ ತಿಂಗಳು ನೋಡೋಣ’ ಎಂದಿದ್ದೀರಾ ಎಂದು ನಿಮ್ಮ ಕಚೇರಿಯಲ್ಲಿ ವಿಚಾರಿಸಿ. ಸವೆದ ವೈಪರಿನ ಬಸ್ಸಿನಲ್ಲಿ ಚಾಲಕರು ಹೊಗೆಸೊಪ್ಪಿನ ಚೂರನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಗಾಜಿಗೆ ಉಜ್ಜಿಕೊಳ್ಳುತ್ತಾರೆ, ಒಳಗೆ ಮಕ್ಕಳ ಒದ್ದೆ ರೇನ್‌ಕೋಟುಗಳಿಂದ ಏಳುವ ಆವಿಯನ್ನು ಒಂದು ಕೈಯಲ್ಲಿ ಹಳೆಯ ಪತ್ರಿಕೆ ಹಿಡಿದು ಒರೆಸುತ್ತಲೇ ಇನ್ನೊಂದು ಕೈಯಲ್ಲಿ ತಿರುವು ತೆಗೆಯುತ್ತಾರೆ. ಜೂನ್ ಒಂದಕ್ಕೆ ಮೊದಲು ಪ್ರತಿ ಬಸ್ಸಿಗೂ ಹೊಸ ಬ್ಲೇಡ್ ಬೀಳಲಿ. ನಿಮ್ಮ ಮೇಲಿನ ನಂಬಿಕೆಯನ್ನು ಅವರು ಅಳೆಯುವುದು ಅಲ್ಲಿಂದ.

ಪ್ರಶ್ನೆ: ಹನ್ನೊಂದು ವರ್ಷದಿಂದ ಶಾಲಾ ಬಸ್ ಓಡಿಸುತ್ತಿದ್ದೇನೆ. ಆಗಸ್ಟ್ ತಿಂಗಳಿನಲ್ಲಿ ದಾರಿಯ ಮೇಲೆ ಬರೆ (ರಸ್ತೆ ಬದಿಯ ಮಣ್ಣಿನ ದಿಬ್ಬ) ಜರಿದಿದ್ದರಿಂದ ಮಕ್ಕಳನ್ನು ಕೂರಿಸಿಕೊಂಡೇ ಬಸ್ಸನ್ನು ಹಿಂದಕ್ಕೆ ತಿರುಗಿಸಬೇಕಾಯಿತು. ಆಗ ಹಿಂದಿನ ಬಂಪರ್ ಮಣ್ಣಿಗೆ ತಾಗಿ ಬಾಗಿತು. ಆ ತಿಂಗಳ ಸಂಬಳದಲ್ಲಿ 3,500 ರೂಪಾಯಿ ಹಿಡಿದರು, ಯಾರೂ ನನ್ನನ್ನು ಏನಾಯಿತೆಂದು ಕೇಳಲಿಲ್ಲ. ತಡವಾದ ದಿನ ಪೋಷಕರು ವಾಟ್ಸಾಪ್ ಗುಂಪಿನಲ್ಲಿ ಏಕವಚನದಲ್ಲಿ ಬರೆಯುತ್ತಾರೆ, ಅದನ್ನು ನನ್ನ ಮಗನೂ ಓದುತ್ತಾನೆ. ಕೆಲಸ ಬಿಡಬೇಕೆನಿಸುತ್ತಿದೆ.
ಸುಂಟಿಕೊಪ್ಪ ಭಾಗದ ಚಾಲಕ

ಉತ್ತರ: ಮೊದಲು ಹಣದ ಮಾತು. ನಷ್ಟದ ಹೆಸರಿನಲ್ಲಿ ಸಂಬಳ ಹಿಡಿಯುವುದಕ್ಕೆ 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದಲೂ ಎರಡು ಷರತ್ತುಗಳಿವೆ: ನಷ್ಟವು ನೌಕರರ ನಿರ್ಲಕ್ಷ್ಯ ಅಥವಾ ತಪ್ಪಿನಿಂದಲೇ ನೇರವಾಗಿ ಆಗಿರಬೇಕು, ಮತ್ತು ಹಿಡಿಯುವ ಮೊದಲು ಅವರಿಗೆ ತಮ್ಮ ಸಮಜಾಯಿಷಿ ಹೇಳಲು ಅವಕಾಶ ಕೊಡಬೇಕು. ನಿಮ್ಮ ಪ್ರಕರಣದಲ್ಲಿ ಎರಡನೆಯದು ನಡೆದೇ ಇಲ್ಲ. ಜಗಳಕ್ಕೆ ಹೋಗಬೇಡಿ, ಆ ದಿನದ ಸಮಯ, ಸ್ಥಳ, ಬಸ್ಸಿನಲ್ಲಿದ್ದ ಮಕ್ಕಳ ಸಂಖ್ಯೆ, ಜತೆಗಿದ್ದ ಆಯಾ ಯಾರು ಎಂಬುದನ್ನು ಒಂದು ಪುಟದಲ್ಲಿ ಬರೆದು ಪ್ರಾಂಶುಪಾಲರಿಗೆ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಪಡೆಯಿರಿ. ಆಮೇಲೂ ಹಣ ಬಾರದಿದ್ದರೆ ಅದೇ ನಕಲಿನೊಂದಿಗೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬಹುದು. ಅಲ್ಲಿಗೆ ಹೋದಾಗ ಇನ್ನೊಂದು ಕೆಲಸವನ್ನೂ ಮುಗಿಸಿಕೊಂಡು ಬನ್ನಿ: ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ನಮ್ಮ ರಾಜ್ಯ 2024ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದೆ, ಅದರಡಿ ನಿಮ್ಮ ಹೆಸರನ್ನು ನೋಂದಾಯಿಸುವ ಬಗ್ಗೆ ವಿಚಾರಿಸಿ.

ಇನ್ನು ನಿಮ್ಮ ಪತ್ರವನ್ನು ಓದುವ ಆಡಳಿತ ಮಂಡಳಿಗಳಿಗೆ ಎರಡು ಮಾತು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಹೇಗೆ ಕುಸಿದವೆಂಬುದನ್ನು ಕಂಡ ಜಿಲ್ಲೆ ನಮ್ಮದು. ಜರಿದ ಬರೆಯ ಮುಂದೆ ನಿಂತ ಚಾಲಕರು ದಾಟಬೇಕೋ ಹಿಂದಿರುಗಬೇಕೋ ಎಂದು ನಿರ್ಧರಿಸಲು ಸಿಗುವುದು ಅರ್ಧ ನಿಮಿಷ. ಹಿಂದಿರುಗಿದ್ದಕ್ಕೆ 3,500 ರೂಪಾಯಿ ದಂಡ ತೆತ್ತವರು ಮುಂದಿನ ಸಲ ದಾಟಲು ನೋಡಬಹುದು. ಬಂಪರ್ ಉಳಿಸಿಕೊಳ್ಳುವ ಆಸೆಯಲ್ಲಿ ನೀವು ಅವರಿಗೆ ಕಲಿಸುತ್ತಿರುವುದು ಅದನ್ನೇ. ಬರೆ ಜರಿದಾಗ, ಹೊಳೆ ರಸ್ತೆಗೆ ಬಂದಾಗ, ಮಾಲ್ದಾರೆ, ತಿತಿಮತಿ ಕಡೆಯ ದಾರಿಯಲ್ಲಿ ಆನೆ ನಿಂತಾಗ ಬಸ್ ನಿಲ್ಲಿಸುವ ಅಥವಾ ಹಿಂದಿರುಗಿಸುವ ಪೂರ್ಣ ಅಧಿಕಾರ ಚಾಲಕರದು, ಆ ತೀರ್ಮಾನಕ್ಕಾಗಿ ಯಾರೂ ಅವರನ್ನು ಪ್ರಶ್ನಿಸುವುದಿಲ್ಲ ಎಂದು ಲಿಖಿತ ಆದೇಶ ಕೊಡಿ. ಅಪಘಾತವಾಗಿ ಪೊಲೀಸ್ ಠಾಣೆಗೆ ಹೋಗಬೇಕಾದ ರಾತ್ರಿ ವಕೀಲರ ಜತೆ ಶಾಲೆಯ ಕಡೆಯಿಂದ ಯಾರು ಹೋಗುತ್ತಾರೆಂಬುದೂ ಮೊದಲೇ ಗೊತ್ತಿರಲಿ. ಬೇರೆ ಕಡೆ ಸಾವಿರ ರೂಪಾಯಿ ಹೆಚ್ಚು ಸಿಗುತ್ತದೆಂದು ಗೊತ್ತಿದ್ದೂ ಒಂದೇ ಶಾಲೆಯಲ್ಲಿ ಉಳಿದ ಚಾಲಕರನ್ನು ನಾನು ಕೇಳಿದಾಗ ಹೆಚ್ಚಿನವರು ಕೊಟ್ಟ ಕಾರಣ ಅದೇ ಆಗಿತ್ತು: ‘ಏನಾದರೂ ಆದರೆ ಇವರು ಕೈ ಬಿಡುವುದಿಲ್ಲ, ಸಾರ್.’

ವಾಟ್ಸಾಪ್ ಗುಂಪಿನ ಬಗ್ಗೆ ನನ್ನ ಅಭಿಪ್ರಾಯ ಕಠಿಣವಾದದ್ದು. ಚಾಲಕರ ಹೆಸರೆತ್ತಿ ದೂರು ಬರೆಯುವುದನ್ನು ಆ ಗುಂಪಿನಲ್ಲಿ ನಿಷೇಧಿಸಬೇಕು. ದೂರುಗಳು ಸಾರಿಗೆ ಮೇಲ್ವಿಚಾರಕರೊಬ್ಬರಿಗೆ ಮಾತ್ರ ಹೋಗಿ, ಅವರು ಚಾಲಕರ ಮಾತನ್ನೂ ಕೇಳಿ ಉತ್ತರಿಸಬೇಕು. ತಡವಾಗುವುದಕ್ಕೆ ಮೂಲ ಕಾರಣ ಅನೇಕ ಶಾಲೆಗಳಲ್ಲಿ ವೇಳಾಪಟ್ಟಿಯೇ ಆಗಿರುತ್ತದೆ. ಫೆಬ್ರುವರಿಯ ಒಣ ರಸ್ತೆಯಲ್ಲಿ ಕಾರು ಓಡಿಸಿ ಬರೆದ ನಿಮಿಷಗಳನ್ನು ಜುಲೈನ ಬಸ್ಸಿಗೆ ಹೇರಿದರೆ, ಗಂಟೆಗೆ ನಲವತ್ತು ಕಿಲೋಮೀಟರಿಗೆ ವೇಗ ಮಿತಿಗೊಳಿಸಿದ ವಾಹನ ಸಮಯಕ್ಕೆ ಸರಿಯಾಗಿ ಬರುವುದಾದರೂ ಹೇಗೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರತ್ಯೇಕ ಮಳೆಗಾಲದ ವೇಳಾಪಟ್ಟಿ ಇರಲಿ, ಅದನ್ನು ಆಯಾ ರೂಟಿನ ಚಾಲಕರೇ ಬರೆದುಕೊಡಲಿ. ಜಿಪಿಎಸ್ ಹಾಕಿಸುವುದು ಒಳ್ಳೆಯದೇ, ಆದರೆ ಅದರ ದಾಖಲೆಯನ್ನು ಚಾಲಕರ ನಿರಪರಾಧವನ್ನು ತೋರಿಸಲೂ ಬಳಸಬೇಕು.

ಕೆಲಸ ಬಿಡುವ ವಿಚಾರ ನಿಮ್ಮದು. ಬಿಡುವುದಾದರೂ ಡಿಸೆಂಬರಿನಲ್ಲಿ ಅರ್ಧಕ್ಕೆ ಬಿಡಬೇಡಿ. ಹನ್ನೊಂದು ವರ್ಷದ ಗ್ರಾಚ್ಯುಟಿಯ ಅರ್ಜಿಯನ್ನು ಬರೆದು ಕೊಟ್ಟು, ಸೇವಾ ಪತ್ರವನ್ನು ಕೈಗೆ ತೆಗೆದುಕೊಂಡೇ ಹೊರಡಿ.

ಪ್ರಶ್ನೆ: ನನ್ನ ಮಗಳ ಬಸ್ಸಿಗೆ ಈ ವರ್ಷ ಬಂದಿರುವವರು ಮೂರನೆಯ ಚಾಲಕರು. ಈಗಿನವರು ತುಂಬ ಒಳ್ಳೆಯವರು, ಉಳಿಯಲಿ ಎಂಬ ಆಸೆ ನಮಗಿದೆ. ಹುತ್ತರಿ ಹಬ್ಬಕ್ಕೆ ಪೋಷಕರೆಲ್ಲ ಸೇರಿ ಸ್ವಲ್ಪ ಹಣ ಕೊಡಬಹುದೇ?
ನಾಪೋಕ್ಲುವಿನ ತಾಯಿ

ಉತ್ತರ: ಕೊಡಬಹುದು, ಶಾಲೆಗೆ ತಿಳಿಸಿ ಕೊಡಿ, ಆಯಾಗೂ ಕೊಡಿ. ಮಕ್ಕಳ ಕೈಯಲ್ಲಿ ಕವರ್ ಕಳಿಸಬೇಡಿ. ಯಾವ ಮಗು ತಂದಿತು, ಯಾವುದು ತರಲಿಲ್ಲ ಎಂಬ ಲೆಕ್ಕ ಬಸ್ಸಿನೊಳಗೆ ಶುರುವಾಗುತ್ತದೆ. ಆಯುಧಪೂಜೆಯ ದಿನ ಬಸ್ಸಿಗೆ ಕಟ್ಟುವ ಬಾಳೆಕಂದು, ಚೆಂಡುಹೂವಿನ ಹಣ ಅನೇಕ ಕಡೆ ಚಾಲಕರ ಜೇಬಿನಿಂದಲೇ ಹೋಗುತ್ತದೆ, ಮುಂದಿನ ವರ್ಷ ಅದನ್ನೂ ನೆನಪಿಡಿ.

ಆದರೆ ಹಣಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ನಿಮ್ಮ ತಂಗುದಾಣದ ಎರಡು ನಿಮಿಷ. ಹದಿನಾರು ನಿಲುಗಡೆಗಳಲ್ಲಿ ತಲಾ ಎರಡು ನಿಮಿಷ ಕಾದರೆ ಮೂವತ್ತೆರಡು ನಿಮಿಷ ಹೋಯಿತು, ಅದನ್ನು ಚಾಲಕರು ತಿರುವುಗಳಲ್ಲಿ ವಸೂಲು ಮಾಡಬೇಕಾಗುತ್ತದೆ, ಇಲ್ಲವೇ ಶಾಲೆಯ ಗೇಟಿನಲ್ಲಿ ಬೈಗುಳ ತಿನ್ನಬೇಕಾಗುತ್ತದೆ. ಬಸ್ ಬರುವ ಮೊದಲೇ ಮಗಳ ರೇನ್‌ಕೋಟಿನ ಗುಂಡಿ ಹಾಕಿ ನಿಲ್ಲಿಸಿ. ಅವರನ್ನು ‘ಡ್ರೈವರ್’ ಎಂದು ಕೂಗದೆ ಹೆಸರು ಹಿಡಿದು, ಅಣ್ಣ ಎಂದು ಮಾತಾಡಿಸಲು ಅವಳಿಗೆ ಹೇಳಿಕೊಡಿ. ಮುಂದಿನ ಪೋಷಕರ ಸಭೆಯಲ್ಲಿ ಬಸ್ ಶುಲ್ಕದ ಮಾತು ಬಂದಾಗ, ಬೇಸಿಗೆಯ ಎರಡು ತಿಂಗಳು ಚಾಲಕರಿಗೆ ಸಂಬಳ ಇದೆಯೇ ಎಂದು ಎದ್ದು ನಿಂತು ಕೇಳಿ. ಇಲ್ಲವೆಂಬ ಉತ್ತರ ಬಂದರೆ, ಮೇಲೆ ಗೋಣಿಕೊಪ್ಪದವರಿಗೆ ಬರೆದ ತೊಂಬತ್ತು ರೂಪಾಯಿಯ ಲೆಕ್ಕವನ್ನು ಅಲ್ಲಿಯೇ ಓದಿ ಹೇಳಿ.